ಬರಿಗೈಯವರ ಕಲ್ಯಾಣ

ಯುರೋಪಿನ ದೊಡ್ಡ ಊರುಗಳಿಗೆ ಹೊರಟವರು ಅಲ್ಲಿ ದುಡ್ಡು ಕೊಡದೆ ಏನೇನು ನೋಡಬಹುದು ಎಂಬ ಪಟ್ಟಿಯನ್ನು ಮೊದಲೇ ಹುಡುಕಿಕೊಳ್ಳುತ್ತಾರೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಬಾಗಿಲು ತೆರೆದದ್ದೇ ಶುಲ್ಕವಿಲ್ಲದೆ. ಇಂದಿಗೂ ಅದರ ಮುಖ್ಯ ಸಂಗ್ರಹ ನೋಡಲು ಕಾಸು ಬೇಡ. ರೋಮಿನ ಬೀದಿಗಳಲ್ಲಿ 1870ರ ದಶಕದಿಂದ ಎರಕದ ಕಬ್ಬಿಣದ ನಲ್ಲಿಗಳು ದಾರಿಹೋಕರಿಗೆಲ್ಲ ನೀರು ಕೊಡುತ್ತಿವೆ. ಲಕ್ಸೆಂಬರ್ಗ್ ಎಂಬ ಪುಟ್ಟ ದೇಶ 2020ರ ಫೆಬ್ರವರಿ 29ರಿಂದ ಬಸ್ಸು, ಟ್ರಾಮು, ಸಾಮಾನ್ಯ ದರ್ಜೆಯ ರೈಲುಗಳನ್ನು ಎಲ್ಲರಿಗೂ ಉಚಿತ ಮಾಡಿತು. ಯುರೋಪಿನ ಜನ ಇಂಥ ಪಟ್ಟಿ ಮಾಡಲು ಸಂಕೋಚಪಡುವುದಿಲ್ಲ. ಬಿಟ್ಟಿ ಸಿಗುವುದೆಲ್ಲ ಊರಿನ ಹೆಮ್ಮೆ ಎಂದೇ ಹೇಳಿಕೊಳ್ಳುತ್ತಾರೆ. ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಎಂಬ ಎರಡು ಊರುಗಳ ವಿಷಯಕ್ಕೆ ಬಂದರೆ ಮಾತು ಬೇರೆಯಾಗುತ್ತದೆ. ‘ಅಲ್ಲೇನದ ನೋಡ್ಲಿಕ್ಕೆ?’ ಎಂದು ಊರಿನವರೇ ಕೇಳುತ್ತಾರೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೈದರಾಬಾದಿನ ಕಡೆಗೋ ಪುಣೆಯ ಕಡೆಗೋ ಹೊರಡುತ್ತಾರೆ. ಅಷ್ಟು ದುಡ್ಡಿಲ್ಲದವರು ಮನೆಯಲ್ಲೇ ಉಳಿಯುತ್ತಾರೆ. ಒಂದು ಊರು ಎಷ್ಟು ಸಿರಿವಂತ ಎಂದು ತಿಳಿಯಬೇಕಾದರೆ, ಕೈಯಲ್ಲಿ ಕಾಸಿಲ್ಲದ ಮನುಷ್ಯ ಆ ಊರಿನಲ್ಲಿ ಒಂದು ಇಡೀ ದಿನವನ್ನು ಎಷ್ಟು ತುಂಬಿಕೊಂಡು ಕಳೆಯಬಲ್ಲ ಎಂದು ನೋಡಬೇಕು. ಹಾಗೆ ಅಳೆದರೆ ಈ ಎರಡು ಊರುಗಳು ಬಹಳ ಸಿರಿವಂತ ಊರುಗಳು. ಆ ಸಿರಿಯನ್ನು ಕಾಯುವ, ಅದರ ದಾರಿಯನ್ನು ಎಲ್ಲರಿಗೂ ತೆರೆದಿಡುವ ಕೆಲಸವಷ್ಟೇ ಹಿಂದೆ ಬಿದ್ದಿದೆ. ಇವತ್ತು ನನ್ನ ವಾದ ಇಷ್ಟೇ.

ಬಿಡುವಿನ ಹೊತ್ತನ್ನು ಮನುಷ್ಯ ಹೇಗೆ ಕಳೆಯಬೇಕು ಎಂಬ ಪ್ರಶ್ನೆಗೆ ಈ ನೆಲ ಒಂದೇ ಶತಮಾನದಲ್ಲಿ ಎರಡು ಉತ್ತರ ಕೊಟ್ಟಿದೆ. ಚಾಲುಕ್ಯ ದೊರೆ ಒಂದನೇ ಸೋಮೇಶ್ವರ ಹನ್ನೊಂದನೆಯ ಶತಮಾನದಲ್ಲಿ ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ತಂದ. ಅವನ ಮಗ ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ತನ್ನ ಹೆಸರಿನ ಶಕೆಯನ್ನೇ ಆರಂಭಿಸಿದ. ಅವನ ಆಸ್ಥಾನಕ್ಕೆ ಕಾಶ್ಮೀರದಿಂದ ಕವಿ ಬಿಲ್ಹಣ ಬಂದ. ವಿಜ್ಞಾನೇಶ್ವರ ‘ಮಿತಾಕ್ಷರಾ’ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದದ್ದು ಇದೇ ಕಾಲದಲ್ಲಿ. ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ದೊಡ್ಡ ಗ್ರಂಥ ರಚಿಸಿದ. ಅದರ ಐದು ಭಾಗಗಳಲ್ಲಿ ಕೊನೆಯ ಎರಡು ವಿನೋದ, ಕ್ರೀಡೆಗಳಿಗೇ ಮೀಸಲು. ಆನೆ ಕುದುರೆಗಳ ಆಟ, ಮಲ್ಲಯುದ್ಧ, ಕೋಳಿಗಳ ಕಾಳಗ, ಗೀತ, ವಾದ್ಯ, ನೃತ್ಯ ಎಂದು ಅರಸನ ಸಂತೋಷಗಳ ವರ್ಣನೆ ಅಲ್ಲಿದೆ. ಅದು ಅಪರೂಪದ ಗ್ರಂಥ, ಅದರ ಬೆಲೆಯನ್ನು ಯಾರೂ ಕಡಿಮೆ ಮಾಡಬೇಕಾಗಿಲ್ಲ. ಆದರೆ ಆ ವಿನೋದಗಳ ಖರ್ಚನ್ನು ಹೊರಬಲ್ಲವನು ದೊರೆ ಒಬ್ಬನೇ. ಕೆಲವೇ ದಶಕಗಳ ಬಳಿಕ, ಚಾಲುಕ್ಯರ ಸಿಂಹಾಸನದಲ್ಲಿ ಕಳಚುರಿ ಬಿಜ್ಜಳ ಕುಳಿತ ಕಾಲಕ್ಕೆ, ಇದೇ ಪಟ್ಟಣದಲ್ಲಿ ಬಸವಣ್ಣನವರ ಸುತ್ತ ಜನ ಕೂಡತೊಡಗಿದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಿದೇವ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ, ಚೆಲ್ಲಿದ ಅಕ್ಕಿ ಆಯುವ ಮಾರಯ್ಯ ಮತ್ತು ಅವನ ಹೆಂಡತಿ ಲಕ್ಕಮ್ಮ. ಇವರನ್ನೇ ಶರಣರು ಎನ್ನುತ್ತಾರೆ. ಹಗಲು ದುಡಿದು, ದುಡಿಮೆ ಮುಗಿದ ಮೇಲೆ ಕೂತು ಮಾತಾಡುವುದೇ ಅವರ ಬಿಡುವಿನ ಬಗೆ. ಅದಕ್ಕೆ ಆನೆಯೂ ಬೇಡ, ಅರಮನೆಯೂ ಬೇಡ. ಕೂರಲು ಜಾಗ, ಕೇಳಲು ಕಿವಿ, ಹಸಿದರೆ ಪ್ರಸಾದ, ಇಷ್ಟಿದ್ದರೆ ಸಾಕು. ಕನ್ನಡ ನಾಡು ಆ ಎರಡು ಉತ್ತರಗಳಲ್ಲಿ ಯಾವುದನ್ನು ನೆನಪಿಟ್ಟುಕೊಂಡಿದೆ ಎಂಬುದಕ್ಕೆ ಆ ಊರಿನ ಹೆಸರೇ ಸಾಕ್ಷಿ. ನಿಜಾಮನ ಆಳ್ವಿಕೆಯಲ್ಲಿ ನವಾಬರ ಜಾಗೀರಾಗಿದ್ದ ಕಲ್ಯಾಣಿ, ಭಾಷಾವಾರು ಪ್ರಾಂತ್ಯಗಳಾದ ಕಾಲಕ್ಕೆ ಬಸವಕಲ್ಯಾಣವಾಯಿತು.

ಈಗ ಆ ಊರಿನೊಳಗೆ ಬರಿಗೈಯಲ್ಲಿ ಬಂದವನ ಎದುರು ಏನೇನಿದೆ ನೋಡೋಣ. ಮೊದಲು ಕೋಟೆ. ಅದರ ಬುಡ ಚಾಲುಕ್ಯರದು. ಮೇಲಿನ ಗೋಡೆ, ಬಾಗಿಲು, ಬುರುಜುಗಳಲ್ಲಿ ಬಹಮನಿಗಳ ಕೈ, ಆದಿಲಶಾಹಿಗಳ ಕೈ, ಆಮೇಲಿನ ನವಾಬರ ಕೈ ಎಲ್ಲವೂ ಇವೆ. ಒಂದೇ ಗೋಡೆಯಲ್ಲಿ ದೇವಸ್ಥಾನದ ಕೆತ್ತನೆಯ ಕಲ್ಲೂ ತೋಪಿನ ಕಾಲದ ಕಿಂಡಿಯೂ ಕಾಣಸಿಗುವುದರಿಂದ, ಶಾಲೆಯಲ್ಲಿ ಇತಿಹಾಸವನ್ನು ತುಂಡು ತುಂಡಾಗಿ ಓದಿದ ಹುಡುಗನಿಗೆ ಅದು ಒಟ್ಟಾಗಿ ಅರ್ಥವಾಗುವ ಸ್ಥಳ ಇದು. ಕೋಟೆಯೊಳಗೇ ರಾಜ್ಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ; ಸುತ್ತಲಿನ ಊರುಗಳಲ್ಲಿ ದೊರೆತ ಜೈನ ಮೂರ್ತಿಗಳನ್ನೂ ಇತರ ಶಿಲ್ಪಗಳನ್ನೂ ಅಲ್ಲಿ ಇಟ್ಟಿದ್ದಾರೆ. ಶರಣರ ಊರಿನಲ್ಲಿ ಅವರಿಗೂ ಮೊದಲು ಜೈನರ ದೊಡ್ಡ ನೆಲೆಯೊಂದಿತ್ತು ಎಂಬುದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಆ ಮೂರ್ತಿಗಳ ಮುಂದೆ ನಿಂತು ತಿಳಿಯುವುದು ಮೇಲು. ಕೋಟೆಯಿಂದ ಹೊರಬಿದ್ದರೆ ಹಳೆಯ ಓಣಿಗಳು. ಪಟ್ಟಣದ ನಡುವೆ ಬಸವೇಶ್ವರ ದೇವಸ್ಥಾನ, ಬಸವಣ್ಣನವರು ಕೂತು ಜನರ ಅಹವಾಲು ಕೇಳುತ್ತಿದ್ದರೆಂದು ಹೇಳುವ ಪರುಷಕಟ್ಟೆ, ಅಲ್ಲಮಪ್ರಭುಗಳ ಗದ್ದುಗೆ, ಮಾಚಿದೇವರ ಹೊಂಡ, ತ್ರಿಪುರಾಂತಕ ಕೆರೆ, ಬಸವಣ್ಣನವರ ಅಕ್ಕ ನಾಗಮ್ಮನ ಗವಿ, ಹರಳಯ್ಯನ ಗವಿ, ನುಲಿಯ ಚಂದಯ್ಯನ ಗವಿ. ರಾಜಾ ಬಾಗ್ ಸವಾರರ ದರ್ಗಾ ಇದೆ. ಅಲ್ಲಿಗೆ ಹೋಗುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಊರ ಹೊರಗೆ 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವಣ್ಣನವರ ಪುತ್ಥಳಿ ಇದೆ. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ನನ್ನನ್ನು ಕೇಳಿದರೆ ಪುತ್ಥಳಿಗಿಂತ ಕೆರೆ ದಂಡೆಗೆ ಮತ್ತು ಗವಿಗಳಿಗೆ ಹೆಚ್ಚು ಹೊತ್ತು ಕೊಡಬೇಕು. ಎತ್ತರದ ಮೂರ್ತಿಯನ್ನು ಒಂದು ನೋಟಕ್ಕೆ ನೋಡಿ ಮುಗಿಸಬಹುದು. ತಲೆ ಬಗ್ಗಿಸಿ ಒಳಹೊಕ್ಕು ಕೂರಬೇಕಾದ ಗವಿಯಲ್ಲಿ ಮಾತ್ರ, ಒಬ್ಬ ದುಡಿಯುವ ಮನುಷ್ಯನ ಬದುಕು ಎಷ್ಟು ಸಣ್ಣ ಜಾಗದಲ್ಲಿ ಎಷ್ಟು ದೊಡ್ಡದಾಗಿತ್ತು ಎಂಬ ವಿಚಾರ ಬರುತ್ತದೆ.

ಇಲ್ಲಿ ಓದಿಕೊಂಡವರು ಒಂದು ಆಕ್ಷೇಪ ಎತ್ತುತ್ತಾರೆ, ಅದನ್ನು ಬದಿಗೆ ಸರಿಸುವಂತಿಲ್ಲ. ಈ ಗವಿ ನಿಜವಾಗಿ ಅಕ್ಕ ನಾಗಮ್ಮನದೇ? ಈ ಕಟ್ಟೆಯ ಮೇಲೆ ಬಸವಣ್ಣನವರು ಕೂತದ್ದಕ್ಕೆ ದಾಖಲೆ ಏನು? ಅನುಭವ ಮಂಟಪ ಎಂಬುದು ಒಂದು ಕಟ್ಟಡವಾಗಿತ್ತೋ, ಶರಣರ ಕೂಟಕ್ಕೆ ಆಮೇಲೆ ಬಂದ ಹೆಸರೋ? ವಿದ್ವಾಂಸರು ಈ ಬಗ್ಗೆ ದಶಕಗಳಿಂದ ಚರ್ಚಿಸಿದ್ದಾರೆ. ಬಸವಣ್ಣನವರ ಹೆಸರು ಬರುವ ಪ್ರಸಿದ್ಧ ಅರ್ಜುನವಾಡ ಶಾಸನ 1260ರದು, ಅವರ ಕಾಲಕ್ಕಿಂತ ಸುಮಾರು ಒಂದು ಶತಮಾನ ಈಚಿನದು; ಅದು ಇರುವುದೂ ಬೆಳಗಾವಿ ಜಿಲ್ಲೆಯಲ್ಲಿ. ಕಲ್ಯಾಣದ ಗವಿಗಳ ಹೆಸರುಗಳು ಬಹುಪಾಲು ಜನರ ನೆನಪಿನಿಂದ ಬಂದವು. ಇದನ್ನು ಮುಚ್ಚಿಡಬೇಕಾಗಿಲ್ಲ. ಯಾವುದು ಶಾಸನದ ಮಾತು, ಯಾವುದು ಪರಂಪರೆಯ ಮಾತು ಎಂದು ಫಲಕದ ಮೇಲೆ ಸ್ಪಷ್ಟವಾಗಿ ಬರೆದರೆ ನೋಡುಗನ ಭಕ್ತಿಗೆ ಕುಂದು ಬರುವುದಿಲ್ಲ. ಅವನ ತಿಳಿವು ಹೆಚ್ಚುತ್ತದೆ. ಎಂಟು ನೂರು ವರ್ಷಗಳ ಕಾಲ ಒಂದು ಊರಿನ ಜನ ಚಪ್ಪಲಿ ಹೊಲಿಯುವವನ ಹೆಸರನ್ನು, ಹಗ್ಗ ಹೊಸೆಯುವವನ ಹೆಸರನ್ನು ಒಂದೊಂದು ಕಲ್ಲಿಗೆ ಕಟ್ಟಿ ಕಾಪಾಡಿಕೊಂಡು ಬಂದರಲ್ಲ, ಅದೂ ಒಂದು ಇತಿಹಾಸವೇ. ಅರಸರ ಹೆಸರಿನ ಊರು, ಕೆರೆ, ದೇಗುಲ ಎಲ್ಲ ಕಡೆ ಸಿಗುತ್ತವೆ. ದುಡಿಯುವವರ ಹೆಸರಿನಿಂದಲೇ ನಕ್ಷೆ ಬಿಡಿಸಬಹುದಾದ ಪಟ್ಟಣಗಳು ನಮ್ಮ ನಾಡಿನಲ್ಲಿ ಎಷ್ಟಿವೆ?

ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾಕ್ಕೆ ಬಂದು ಹೆದ್ದಾರಿ ಹಿಡಿದರೆ ಹುಮನಾಬಾದ್. ಎರಡಕ್ಕೂ ನಡುವೆ ಸುಮಾರು 30 ಕಿಲೋಮೀಟರ್. ಪುಣೆ–ಹೈದರಾಬಾದ್ ದಾರಿಯಲ್ಲಿ ಹೋಗುವವರು ಹುಮನಾಬಾದನ್ನು ಚಹಾ ಕುಡಿಯುವ ಊರು ಎಂದಷ್ಟೇ ಬಲ್ಲರು. ಊರೊಳಗೆ 1725ರಲ್ಲಿ ರಾಜಾ ರಾಮಚಂದ್ರ ಜಾಧವ ಕಟ್ಟಿಸಿದರೆನ್ನುವ ವೀರಭದ್ರೇಶ್ವರ ದೇವಸ್ಥಾನವಿದೆ. ಜನವರಿಯಲ್ಲಿ ಅದರ ಜಾತ್ರೆ, ಅಗ್ನಿ ಹಾಯುವುದು, ತೇರು. ಊರಿಗೆ ಅಂಟಿಕೊಂಡೇ ಮಾಣಿಕನಗರ. ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಬೆಳೆದ ಮಾಣಿಕಪ್ರಭುಗಳು 1845ರಲ್ಲಿ ಇಲ್ಲಿ ನೆಲೆಸಿ, ಎಲ್ಲ ಮತಗಳೂ ಒಂದೇ ಕಡೆ ಕರೆದೊಯ್ಯುತ್ತವೆ ಎನ್ನುವ ಸಕಲಮತ ಸಂಪ್ರದಾಯವನ್ನು ಕಟ್ಟಿದರು. 1865ರಲ್ಲಿ ಇಲ್ಲೇ ಸಮಾಧಿಯಾದರು. ಕನ್ನಡ, ಮರಾಠಿ, ಉರ್ದು, ತೆಲುಗು ಕೂಡುವ ಈ ಗಡಿಯಲ್ಲಿ ಅವರು ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪದ ಹಾಡಿದರು. ಡಿಸೆಂಬರಿನ ದತ್ತ ಜಯಂತಿಯ ಹೊತ್ತಿಗೆ ಅಲ್ಲಿ ಸಂಗೀತದ ದರ್ಬಾರು ನಡೆಯುತ್ತದೆ. ದೊಡ್ಡ ನಗರದ ಸಭಾಂಗಣದಲ್ಲಿ ಮುಂದಿನ ಸಾಲಿನ ಟಿಕೆಟ್ ಕೊಂಡು ಕೇಳಬೇಕಾದ ಹಿಂದೂಸ್ತಾನಿ ಗಾಯನವನ್ನು ಇಲ್ಲಿ ಹೊಲದ ಕೆಲಸ ಮುಗಿಸಿ ಬಂದ ರೈತ ಚಾಪೆಯ ಮೇಲೆ ಕೂತು ಕೇಳಬಹುದು. ಈ ಭಾಗದಲ್ಲಿ ಸಂಗೀತದ ಕಿವಿ ಇರುವವರು ಹಳ್ಳಿ ಹಳ್ಳಿಗೆ ಸಿಗುವುದಕ್ಕೆ ಇಂಥ ಕಡೆಗಳಲ್ಲಿ ಬಾಗಿಲಿಗೆ ಟಿಕೆಟ್ ಇಲ್ಲದಿರುವುದೂ ಒಂದು ಕಾರಣ ಎಂದು ನಾನು ತಿಳಿಯುತ್ತೇನೆ.

ಹುಮನಾಬಾದ್ ತಾಲ್ಲೂಕಿನ ಜಲಸಂಗವಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಆರನೇ ವಿಕ್ರಮಾದಿತ್ಯನ ಕಾಲದ ಆ ದೇವಾಲಯದ ಹೊರಗೋಡೆಯ ಮೇಲೆ ಸಾಲುಸಾಲಾಗಿ ಮದನಿಕೆಯರು ನಿಂತಿದ್ದಾರೆ. ಬೇಲೂರಿನ ಮದನಿಕೆಯರಿಗಿಂತ ಇವರು ಮುಂಚಿನವರು, ಹೊಯ್ಸಳ ಶಿಲ್ಪಿಗಳು ಮುಂದೆ ಬೆಳೆಸಿದ ಬಗೆಗೆ ಇಲ್ಲಿಯೇ ಮೊದಲ ಹೆಜ್ಜೆಗಳಿವೆ ಎಂದು ಕಲೆಯ ಇತಿಹಾಸ ಬಲ್ಲವರು ಎಣಿಸುತ್ತಾರೆ. ಅವರಲ್ಲಿ ಒಬ್ಬಳು ಕನ್ನಡಿ ಹಿಡಿದಿಲ್ಲ, ಕುಣಿಯುತ್ತಿಲ್ಲ; ಬೆನ್ನು ತಿರುವಿ ನಿಂತು ಶಾಸನ ಬರೆಯುತ್ತಿದ್ದಾಳೆ. ಅವಳು ಬರೆದ ಸಾಲುಗಳು ಇಂದಿಗೂ ಕಲ್ಲಿನ ಮೇಲೆ ಓದಬರುವಂತಿವೆ. ಅದರಲ್ಲಿ ವಿಕ್ರಮಾದಿತ್ಯನ ಕೀರ್ತಿ ಇದೆ. ಜನ ಅವಳನ್ನು ಶಾಸನ ಸುಂದರಿ ಎನ್ನುತ್ತಾರೆ. ಅಕ್ಷರ ಬರೆಯುವ ಹೆಣ್ಣನ್ನು ಒಂಬೈನೂರು ವರ್ಷಗಳ ಹಿಂದಿನ ಶಿಲ್ಪಿಯೊಬ್ಬ ದೇಗುಲದ ಗೋಡೆಯ ಮೇಲೆ ಕಡೆದಿಟ್ಟ. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದೇ ಸೀಮೆಯ ಕಲ್ಯಾಣದಲ್ಲಿ ಹೆಂಗಸರು ವಚನ ಹೇಳಿದರು. ಒಂದಕ್ಕೊಂದು ನೇರ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕರು ತಮ್ಮ ಮಕ್ಕಳನ್ನು ಆ ಗೋಡೆಯ ಮುಂದೆ ಒಮ್ಮೆ ನಿಲ್ಲಿಸಿದರೆ ಹೇಳಿಕೊಡಬೇಕಾದದ್ದು ಬಹಳವಿದೆ. ಯುರೋಪಿನ ಯಾವುದೇ ನಗರದಲ್ಲಿ ಇಂಥ ಒಂದು ಶಿಲ್ಪವಿದ್ದಿದ್ದರೆ ಅದರ ಚಿತ್ರ ಬಸ್ ನಿಲ್ದಾಣದಲ್ಲೂ ಅಂಚೆ ಚೀಟಿಯಲ್ಲೂ ಇರುತ್ತಿತ್ತು. ಬಸವಕಲ್ಯಾಣದ ಹತ್ತಿರದ ನಾರಾಯಣಪುರದ ಶಿವಾಲಯಕ್ಕೂ ಇದೇ ಮಾತು ಸಲ್ಲುತ್ತದೆ. ಅಲ್ಲಿಯೂ ಚಾಲುಕ್ಯರ ಕಾಲದ ಸೊಗಸಾದ ಮೂರ್ತಿಗಳಿವೆ.

ಊಟದ ವಿಷಯವನ್ನು ಬಿಟ್ಟರೆ ಈ ಪಟ್ಟಿ ಅರೆಯಾಗುತ್ತದೆ. ಮಾಣಿಕನಗರದ ಭಂಡಾರಖಾನೆಯಲ್ಲಿ ಬಂದವರಿಗೆ ಪ್ರಸಾದ ಬಡಿಸುವುದು ಪ್ರಭುಗಳ ಕಾಲದಿಂದ ನಡೆದುಬಂದ ವಾಡಿಕೆ. ಶರಣರ ಮಠಗಳಲ್ಲಿ ದಾಸೋಹವಿದೆ, ಉರುಸಿನಲ್ಲಿ ಅನ್ನದಾನವಿದೆ. ಎಳ್ಳ ಅಮಾವಾಸ್ಯೆಯ ದಿನವಂತೂ ಇಡೀ ಜಿಲ್ಲೆ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೋದ ಮನೆಯವರು ಗುರುತಿನವರನ್ನೂ ಗುರುತಿಲ್ಲದವರನ್ನೂ ಕರೆದು ಉಣಿಸುತ್ತಾರೆ. ಆ ದಿನ ಪೇಟೆಯ ಬೀದಿಗಳಲ್ಲಿ ಜನರೇ ಇರುವುದಿಲ್ಲ. ಹೊರಗಿನಿಂದ ಬಂದವನಿಗೆ ಈ ನಾಡನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ. ಆದರೆ ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. ಈ ಊಟ ಉಣ್ಣುವವನಿಗೆ ಉಚಿತ, ಉಣಿಸುವವನಿಗೆ ಉಚಿತವಲ್ಲ. ಯಾರೋ ಬಿತ್ತಿದ್ದಾರೆ, ಯಾರೋ ಬೀಸಿದ್ದಾರೆ, ಯಾರೋ ಒಲೆಯ ಮುಂದೆ ಕೂತಿದ್ದಾರೆ. ಕಟ್ಟಡದ ಮಾತೂ ಹಾಗೆಯೇ. ಈಗ ಬಸವಕಲ್ಯಾಣದಲ್ಲಿ ಜನ ನೋಡುವ ಅನುಭವ ಮಂಟಪದ ಕಟ್ಟಡ ಎದ್ದದ್ದು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಶ್ರಮದಿಂದ. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಎಂದು ಈ ಸೀಮೆ ಅವರನ್ನು ನೆನೆಯುತ್ತದೆ. ಅವರು ಊರೂರು ಸುತ್ತಿ ಕೂಡಿಸಿದ ಕಾಣಿಕೆ ಆ ಗೋಡೆಗಳಲ್ಲಿದೆ. ಶರಣರು ಕಾಯಕ, ದಾಸೋಹ ಎರಡನ್ನೂ ಜೋಡಿಯಾಗಿಯೇ ಹೇಳಿದ್ದು ಇದಕ್ಕೇ. ಕಾಯಕವಿಲ್ಲದ ಕಡೆ ದಾಸೋಹ ನಡೆಯದು. ಹಾಗಾಗಿ ‘ಉಚಿತ’ ಎಂದರೆ ಯಾರೂ ಖರ್ಚು ಮಾಡದ್ದು ಎಂದಲ್ಲ. ಉಳ್ಳವರು ಮೊದಲೇ ಖರ್ಚು ಮಾಡಿಟ್ಟದ್ದು, ಇಲ್ಲದವನನ್ನು ಬಾಗಿಲಲ್ಲಿ ತಡೆದು ಕೇಳದೆ ಇರುವುದು.

ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ, ಜನ ಹಾಳು ಮಾಡುತ್ತಾರೆ, ಆದ್ದರಿಂದ ಟಿಕೆಟ್ ಇಡಿ ಎಂಬ ವಾದ ಬಹಳ ಬಲವಾದದ್ದು. ಕೋಟೆಯ ಗೋಡೆಯ ಮೇಲೆ ಹೆಸರು ಗೀಚಿದವರನ್ನು, ಕೆರೆ ದಂಡೆಯಲ್ಲಿ ಎಲೆ, ಪ್ಲಾಸ್ಟಿಕ್ಕು ಬಿಸಾಡಿದವರನ್ನು ಕಂಡು ಬೇಸತ್ತವರೇ ಈ ಮಾತು ಹೇಳುತ್ತಾರೆ. ಅವರ ಬೇಸರ ನ್ಯಾಯವಾದದ್ದು. ಯುರೋಪಿನಲ್ಲಿಯೂ ಈ ಕಡೆಗೆ ವಾಲಿದವರಿದ್ದಾರೆ. ರೋಮಿನ ಪ್ಯಾಂಥಿಯನ್‌ಗೆ 2023ರ ಜುಲೈನಿಂದ 5 ಯೂರೋ ಶುಲ್ಕ ಬಂತು. ದಿನದ ಮಟ್ಟಿಗೆ ಬಂದು ಹೋಗುವವರಿಗೆ ವೆನಿಸ್ 2024ರ ಏಪ್ರಿಲ್ 25ರಿಂದ, ಜನಸಂದಣಿಯ ದಿನಗಳಲ್ಲಿ ಪ್ರವೇಶ ಶುಲ್ಕ ಹಾಕಿತು. ಆದರೆ ಆ ಊರುಗಳ ಕಷ್ಟ ಬೇರೆ. ಅಲ್ಲಿ ಬರುವವರ ಭಾರವನ್ನು ಊರು ತಾಳುತ್ತಿಲ್ಲ. ಇಲ್ಲಿ ಬರಬೇಕಾದವರೇ ಬರುತ್ತಿಲ್ಲ. ಅಲ್ಲಿಯೂ ರೋಮಿನ ನಿವಾಸಿಗಳಿಗೆ ಪ್ಯಾಂಥಿಯನ್ ಉಚಿತವಾಗಿಯೇ ಉಳಿದಿದೆ ಎಂಬುದನ್ನು ಮರೆಯಬಾರದು. ಇನ್ನು ಟಿಕೆಟ್ ಇಟ್ಟರೆ ಗೀಚುವುದು ನಿಲ್ಲುತ್ತದೆಯೇ? ದೇಶದ ಎಷ್ಟೋ ಸ್ಮಾರಕಗಳಲ್ಲಿ ದುಡ್ಡು ಕೊಟ್ಟು ಒಳಹೊಕ್ಕವರೇ ಗೀಚಿದ್ದಾರೆ. ದುಡ್ಡು ಕೊಟ್ಟಾಯಿತು, ಇನ್ನು ಕೇಳುವವರಾರು ಎಂಬ ಭಾವವನ್ನೂ ಟಿಕೆಟ್ ಹುಟ್ಟಿಸಬಲ್ಲದು. ಗೋಡೆಯನ್ನು ಕಾಯುವುದು ಕಾವಲುಗಾರ ಮತ್ತು ತಿಳಿವಳಿಕೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಈ ಸೀಮೆಯವರಿಗೆ ಗೊತ್ತಿದ್ದದ್ದೇ. ಗಂಡ ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬಾ ಎಂದು ಆಕೆ ಕಳಿಸಿದಳು. ಬಿಟ್ಟಿ ಬಿದ್ದದ್ದನ್ನೂ ಮಿತಿಯಲ್ಲಿ ಮುಟ್ಟಬೇಕೆಂಬ ಆ ಕಟ್ಟುನಿಟ್ಟು ಬಡವರ ಮನೆಯಿಂದಲೇ ಬಂತು. ಬಡವನಿಗೆ ಉಚಿತ ಕೊಟ್ಟರೆ ಹಾಳು ಮಾಡುತ್ತಾನೆ ಎಂಬ ಊಹೆಗೆ ಕಲ್ಯಾಣದಲ್ಲಿ ಆಧಾರವಿಲ್ಲ.

ಇನ್ನೊಂದು ಆಕ್ಷೇಪ ಸೂಕ್ಷ್ಮವಾದದ್ದು, ನನ್ನನ್ನು ಹೆಚ್ಚು ವಿಚಾರಕ್ಕೆ ಹಚ್ಚಿದ್ದೂ ಅದೇ. ಬ್ರಿಟನ್ನಿನಲ್ಲಿ ಶುಲ್ಕ ವಿಧಿಸುತ್ತಿದ್ದ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳನ್ನು 2001ರ ಡಿಸೆಂಬರಿನಲ್ಲಿ ಉಚಿತ ಮಾಡಿದರು. ಹತ್ತು ವರ್ಷಗಳಲ್ಲಿ ಅಲ್ಲಿಗೆ ಬರುವವರ ಸಂಖ್ಯೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ಆದರೆ ಪರಿಶೀಲಿಸಿದವರು ಕಂಡದ್ದೇನೆಂದರೆ, ಹೆಚ್ಚಿದವರಲ್ಲಿ ಬಹಳ ಜನ ಮೊದಲೂ ಬರುತ್ತಿದ್ದ ಓದಿದ ಮಧ್ಯಮ ವರ್ಗದವರೇ. ಅವರು ಇನ್ನಷ್ಟು ಸಲ ಬಂದರು. ಅಂದರೆ ಬಾಗಿಲ ಶುಲ್ಕವೊಂದನ್ನೇ ತೆಗೆದರೆ ಬಡವ ಒಳಗೆ ಬಂದುಬಿಡುವುದಿಲ್ಲ. ಇದು ಉಚಿತ ಪ್ರವೇಶದ ವಿರುದ್ಧದ ವಾದ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಶುಲ್ಕ ತೆಗೆಯುವುದು ಮೊದಲ ಹೆಜ್ಜೆ, ಉಳಿದ ಹೆಜ್ಜೆಗಳು ಬಾಕಿ ಇವೆ ಎಂದೇ ಅದರ ಅರ್ಥ. ಪ್ರವೇಶವೇನೋ ಉಚಿತ, ಬರುವ ದಾರಿ? ಬಾಯಾರಿದರೆ ನೀರು? ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ನಿಲ್ಲಲು ನೆರಳು? ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಳ್ಳಲು ಬರುವ, ನೀರಿರುವ ಶೌಚಾಲಯ? ಇವು ಇಲ್ಲದ ಕಡೆ ಉಚಿತ ಸ್ಥಳವೂ ದುಬಾರಿಯಾಗುತ್ತದೆ. ದುಡ್ಡಿದ್ದವನು ಕಾರಿನಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಬರುತ್ತಾನೆ, ಹೋಟೆಲಿನಲ್ಲಿ ಶೌಚಕ್ಕೆ ಹೋಗುತ್ತಾನೆ. ಮಕ್ಕಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಬಂದ ತಾಯಿಗೆ ಆ ದಾರಿ ಇಲ್ಲ.

ದಾರಿಯ ಮಟ್ಟಿಗೆ ನಮ್ಮ ರಾಜ್ಯ ಒಂದು ದೊಡ್ಡ ಕೆಲಸ ಮಾಡಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕರ್ನಾಟಕದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡು ಕೊಡದೆ ಓಡಾಡುತ್ತಿದ್ದಾರೆ. ಪುರುಷರು, ಮಹಿಳೆಯರು ಎನ್ನದೆ ಎಲ್ಲರಿಗೂ ಉಚಿತ ಮಾಡಿದ ಲಕ್ಸೆಂಬರ್ಗಿಗೆ ನಾವು ಸಮವಲ್ಲ. ಆದರೆ ಜನಸಂಖ್ಯೆಯಲ್ಲಿ ಆ ದೇಶ ನಮ್ಮ ಬೀದರ ಜಿಲ್ಲೆಗಿಂತಲೂ ಕಡಿಮೆ ಎಂಬುದನ್ನು ನೆನೆದರೆ ನಮ್ಮ ಯೋಜನೆಯ ಗಾತ್ರ ತಿಳಿಯುತ್ತದೆ. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸು ಹತ್ತಿ ಬೀದರಿನಿಂದಲೋ ಕಲಬುರಗಿಯಿಂದಲೋ ಬಸವಕಲ್ಯಾಣಕ್ಕೆ ಬರುವ ಅಜ್ಜಿಯರ ಗುಂಪುಗಳಿಗೆ ಇದು ಬಿಡುಗಡೆ. ಅವರು ಹೋಗುವುದು ದೇವರಿಗೆ, ತಿರುಗಾಟಕ್ಕಲ್ಲ ಎಂದು ಟೀಕಿಸುವವರಿದ್ದಾರೆ. ದೇವರ ಹೆಸರಿನಲ್ಲಿ ಹೊರಟು ನಾಲ್ಕು ಊರು ನೋಡಿ, ನಾಲ್ಕು ಜನರೊಡನೆ ಮಾತಾಡಿ, ಮನೆಗೆ ಹಿಂದಿರುಗುವುದು ನಮ್ಮ ಹೆಣ್ಣುಮಕ್ಕಳಿಗೆ ಶತಮಾನಗಳಿಂದ ಇದ್ದ ಒಂದೇ ತಿರುಗಾಟ, ಅದನ್ನು ಹೀಗಳೆಯಬಾರದು. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ–ಕಲಬುರಗಿ ರೈಲು ಮಾರ್ಗ ಹುಮನಾಬಾದಿಗೂ ನಿಲ್ದಾಣ ಕೊಟ್ಟಿತು. ಗಂಡಸರಿಗೂ ಅಗ್ಗದ ದಾರಿ ಅದು. ಕೊರತೆ ಇರುವುದು ಕೊನೆಯ ಕೆಲವು ಕಿಲೋಮೀಟರುಗಳಲ್ಲಿ. ಜಲಸಂಗವಿಗೆ, ನಾರಾಯಣಪುರಕ್ಕೆ ಹೋಗಬೇಕಾದರೆ ಬಸ್ಸಿನ ಹೊತ್ತು ಗೊತ್ತಿರಬೇಕು, ಇಲ್ಲವೇ ಟಂಟಂ ಮಾಡಿಕೊಳ್ಳಬೇಕು. ರವಿವಾರ ಮತ್ತು ಹಬ್ಬದ ದಿನಗಳಲ್ಲಿ ಈ ಸ್ಥಳಗಳನ್ನೆಲ್ಲ ಸುತ್ತುವ ಒಂದು ಸಾಮಾನ್ಯ ಬಸ್ಸು ಬಿಟ್ಟರೆ, ಅದಕ್ಕೆ ತಗಲುವ ವೆಚ್ಚ ಒಂದು ಸ್ವಾಗತ ಕಮಾನಿನ ವೆಚ್ಚಕ್ಕಿಂತ ಹೆಚ್ಚಾಗಲಾರದು.

ದುಡ್ಡಿಲ್ಲದೆ ಬರುವವರಿಂದ ಊರಿಗೇನು ಲಾಭ ಎಂದು ವ್ಯಾಪಾರದ ಲೆಕ್ಕದಲ್ಲಿ ಕೇಳುವವರಿಗೂ ಉತ್ತರವಿದೆ. ಬಾಗಿಲಲ್ಲಿ ಕೊಡದೆ ಉಳಿಸಿಕೊಂಡ ಹಣ ಬಹುಮಟ್ಟಿಗೆ ಊರೊಳಗೇ ಖರ್ಚಾಗುತ್ತದೆ. ಚಹಾದ ಅಂಗಡಿ, ಖಾನಾವಳಿಯ ಜೋಳದ ರೊಟ್ಟಿ, ಬಳೆಯ ಅಂಗಡಿ, ಟಂಟಂ, ಮಕ್ಕಳಿಗೊಂದು ಗಿರಗಟ್ಟೆ. ಟಿಕೆಟ್ಟಿನ ಹಣ ಖಜಾನೆಗೆ ಹೋಗಿ ಎಂದು ಹಿಂದಿರುಗುವುದೋ ಗೊತ್ತಿಲ್ಲ. ಚಹಾದ ಹಣ ಅಂದೇ ಸಂಜೆ ಊರಿನ ಒಂದು ಮನೆಯ ಒಲೆಗೆ ಹೋಗುತ್ತದೆ. ವೀರಭದ್ರೇಶ್ವರ ಜಾತ್ರೆಯ ದಿನ ತೇರು ನೋಡಲು ಯಾರೂ ಕಾಸು ಕೊಡುವುದಿಲ್ಲ, ಆದರೂ ಆ ವಾರ ಹುಮನಾಬಾದಿನ ಸಣ್ಣ ವ್ಯಾಪಾರಿಗೆ ವರ್ಷದ ಒಳ್ಳೆಯ ವಾರ.

ಇವು ಬಹುಪಾಲು ಧಾರ್ಮಿಕ ಸ್ಥಳಗಳಲ್ಲವೇ, ಬೇರೆ ನಂಬಿಕೆಯವನು, ಯಾವ ನಂಬಿಕೆಯೂ ಇಲ್ಲದವನು ಅಲ್ಲಿ ಹೇಗೆ ಹೋದಾನು ಎಂಬ ಪ್ರಶ್ನೆಯೂ ಉಂಟು. ಪ್ಯಾರಿಸಿನ ನೋತ್ರ್ ದಾಮ್ ಇಂದಿಗೂ ಪೂಜೆ ನಡೆಯುವ ಚರ್ಚು; ಅಲ್ಲಿಗೆ ಜಗತ್ತಿನ ಎಲ್ಲ ಮತದವರೂ ಹೋಗುತ್ತಾರೆ, ಚಪ್ಪಲಿ ಬಿಡುವ ಕಡೆ ಬಿಟ್ಟು, ದನಿ ತಗ್ಗಿಸುವ ಕಡೆ ತಗ್ಗಿಸಿ ನಡೆದುಕೊಂಡರೆ ಎಲ್ಲಿಯೂ ನಡೆಯುತ್ತದೆ. ಆದರೆ ನಮ್ಮಲ್ಲಿ ಪ್ರಶ್ನೆ ಇನ್ನೂ ಆಳದ್ದು. ಹುಟ್ಟಿನ ಕಾರಣಕ್ಕೆ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಬಾರದೆಂದು ಹೋರಾಡಿದವರ ಊರು ಇದು. ಬ್ರಾಹ್ಮಣ ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ನಡೆದ ಮದುವೆಯ ಕಾರಣಕ್ಕೆ ಕಲ್ಯಾಣ ರಕ್ತ ಕಂಡಿತೆಂದು ಪರಂಪರೆ ಹೇಳುತ್ತದೆ. ಇಂಥ ಊರಿನಲ್ಲಿ ಪ್ರವೇಶಕ್ಕೆ ಕಾಸಿನ ಗೋಡೆ ಇಲ್ಲದಿದ್ದರೆ ಸಾಲದು, ಜಾತಿಯ ಗೋಡೆಯ ಕುರುಹೂ ಇರಕೂಡದು. ಸ್ಥಳ ಯಾವ ಮಠದ ಆಡಳಿತದಲ್ಲಿರಲಿ, ಯಾವ ಸಮಿತಿಯ ವಶದಲ್ಲಿರಲಿ, ‘ಎಲ್ಲರೂ ಬನ್ನಿ’ ಎಂದು ಬಾಗಿಲ ಮೇಲೆ ಬರೆದು ಅದರಂತೆ ನಡೆದುಕೊಳ್ಳುವುದು ಅಲ್ಲಿ ಕನಿಷ್ಠ ಮರ್ಯಾದೆ.

ಈಗ ಹೊಸ ಅನುಭವ ಮಂಟಪದ ಮಾತು. 2021ರ ಜನವರಿ 6ರಂದು 500 ಕೋಟಿ ರೂಪಾಯಿಯ ಅಂದಾಜಿನಲ್ಲಿ ಅದಕ್ಕೆ ಶಂಕುಸ್ಥಾಪನೆಯಾಯಿತು. ಅಮರಗಣಂಗಳೆಂದು ಕರೆಯುವ 770 ಶರಣರ ನೆನಪಿಗೆ 770 ಕಂಬಗಳು, ಅಷ್ಟೇ ಜನ ಕೂರುವ ಸಭಾಂಗಣ, 182 ಅಡಿ ಎತ್ತರ. ಇಷ್ಟು ದೊಡ್ಡ ಕಟ್ಟಡ ಬೇಕಿತ್ತೇ ಎಂದು ಕೇಳುವವರಿದ್ದಾರೆ. ಶರಣರ ಹೆಸರಿಗೆ ಜಗತ್ತಿನ ಗಮನ ಸೆಳೆಯಲು ಬೇಕು ಎನ್ನುವವರೂ ಇದ್ದಾರೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ, ಏಕೆಂದರೆ ಕಟ್ಟುವ ನಿರ್ಧಾರ ಆಗಿಹೋಗಿದೆ. ನಾನು ಕೇಳುವುದು ಬೇರೆ. ಅದರ ಬಾಗಿಲಿಗೆ ಟಿಕೆಟ್ ಬೇಡ. ಸಾರ್ವಜನಿಕ ಹಣದಿಂದ ಎದ್ದ ಶರಣರ ಮಂಟಪಕ್ಕೆ ಶರಣರಂಥವರೇ, ಅಂದರೆ ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವವರು, ಕೂಲಿಗೆ ಹೋಗುವವರು, ಕಾಸು ಎಣಿಸಿ ಒಳಗೆ ಬರಬೇಕಾದರೆ ಆ 770 ಕಂಬಗಳಿಗೆ ಅರ್ಥವಿರದು. ಆ ಹಣದ ಒಂದು ಸಣ್ಣ ಪಾಲನ್ನು ಹಳೆಯ ಜಾಗಗಳಿಗೆ ತಿರುಗಿಸಬೇಕು. ಗವಿಗಳ ಮುಂದೆ ಕನ್ನಡ, ಮರಾಠಿ, ಉರ್ದು, ಇಂಗ್ಲಿಷುಗಳಲ್ಲಿ ಫಲಕ. ಕೆರೆ ದಂಡೆಯಲ್ಲಿ ಬೇವಿನ ಸಾಲು ಮತ್ತು ಕಲ್ಲಿನ ಆಸನ. ಪ್ರತಿ ಸ್ಥಳದಲ್ಲೂ ಕುಡಿಯುವ ನೀರು, ಶೌಚಾಲಯ. ಊರಿನ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಸಂಬಳಕ್ಕೆ ನೇಮಿಸಿಕೊಂಡು ಮಾರ್ಗದರ್ಶನ. ಕಾಯಕದ ಊರಿನಲ್ಲಿ ದಾರಿ ತೋರಿಸುವ ಕಾಯಕಕ್ಕೆ ಕೂಲಿ ಇಲ್ಲದಿದ್ದರೆ ಹೇಗೆ? ಮಂಟಪದೊಳಗೆ ವಚನಗಳ ಒಂದು ಗ್ರಂಥಾಲಯವಿರಬೇಕು, ಅದು ಸಂಜೆ ಕೆಲಸ ಬಿಟ್ಟು ಬರುವವರಿಗೆ ಸಿಗುವಂತೆ ರಾತ್ರಿಯವರೆಗೆ ತೆರೆದಿರಬೇಕು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ನಾವು ಕಟ್ಟುತ್ತಲೇ ಇದ್ದೇವೆ. ಓದುವ ಕೋಣೆ ನಮಗೆ ಯಾರೂ ಧರ್ಮಕ್ಕೆ ಕೊಡುವುದಲ್ಲ, ಅದು ನಮ್ಮ ಹಣದ್ದೇ.

ಸರ್ಕಾರ ಇದನ್ನೆಲ್ಲ ಮಾಡುವವರೆಗೆ ಕಾಯಬೇಕಾಗಿಲ್ಲ. ಮಳೆಗಾಲ ಮುಗಿದು ಜೋಳ ಬಿತ್ತುವ ಹೊತ್ತಿನಿಂದ ಫೆಬ್ರವರಿಯವರೆಗೆ ಇಲ್ಲಿ ತಿರುಗಾಡಲು ಹದವಾದ ಕಾಲ. ನವೆಂಬರ್ ಕೊನೆಯಲ್ಲಿ ಬಸವಕಲ್ಯಾಣದಲ್ಲಿ ಶರಣ ಕಮ್ಮಟ ಮತ್ತು ಅನುಭವ ಮಂಟಪ ಉತ್ಸವ, ಡಿಸೆಂಬರಿನಲ್ಲಿ ಮಾಣಿಕನಗರದ ದತ್ತ ಜಯಂತಿ, ಅದರ ಬೆನ್ನಿಗೆ ಎಳ್ಳ ಅಮಾವಾಸ್ಯೆ, ಜನವರಿಯಲ್ಲಿ ವೀರಭದ್ರೇಶ್ವರನ ತೇರು, ಆಮೇಲೆ ಬೇಸಿಗೆಯಲ್ಲಿ ಅಕ್ಷಯ ತದಿಗೆಯ ಬಸವ ಜಯಂತಿ. ಬೆಳಗಿನ ಬಸ್ಸಿಗೆ ಬಂದವರು ಬಿಸಿಲೇರುವ ಮುನ್ನ ಕೋಟೆ ಮುಗಿಸಿ, ಮಧ್ಯಾಹ್ನದೊಳಗೆ ಓಣಿಗಳಲ್ಲಿ ಪರುಷಕಟ್ಟೆ, ಗದ್ದುಗೆ ನೋಡಿ, ದಾಸೋಹದಲ್ಲಿ ಉಂಡು, ಹೊತ್ತು ಇಳಿದ ಮೇಲೆ ಕೆರೆಯ ಕಡೆಗೆ, ಗವಿಗಳ ಕಡೆಗೆ ಹೋಗಲಿ. ಹುಮನಾಬಾದಿಗೆ ಇನ್ನೊಂದು ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಜಲಸಂಗವಿಯ ಗೋಡೆಯನ್ನು ಓಡುತ್ತ ನೋಡಬಾರದು. ರೊಟ್ಟಿ ಬುತ್ತಿ, ನೀರಿನ ಬಾಟಲಿ, ತಲೆಗೊಂದು ಬಟ್ಟೆ ಜೊತೆಗಿರಲಿ. ತಂದ ಕಸ ತಮ್ಮ ಚೀಲದಲ್ಲೇ ಮನೆಗೆ ಹೋಗಲಿ. ಶಿಕ್ಷಕರು, ಸ್ತ್ರೀಶಕ್ತಿ ಸಂಘದವರು, ಹಳ್ಳಿಯ ಯುವಕ ಸಂಘದವರು ಒಂದೊಂದು ತಂಡ ಕಟ್ಟಿಕೊಂಡು ಹೊರಡುವುದಾದರೆ, ಜಲಸಂಗವಿ, ನಾರಾಯಣಪುರದ ಬಸ್ಸಿನ ವೇಳೆಯನ್ನು ಮೊದಲೇ ಡಿಪೊದಲ್ಲಿ ಕೇಳಿಕೊಳ್ಳಿ. ತಂಡ ದೊಡ್ಡದಿದ್ದು ಬೇಡಿಕೆ ಬರೆದು ಕೊಟ್ಟರೆ ರವಿವಾರದ ಬಸ್ಸಿನ ಮಾತನ್ನು ಅಲ್ಲಿಂದಲೇ ಶುರು ಮಾಡಬಹುದು.